ತಾವರೆಯ ಗೆಡ್ಡೆಯೂ ಜೀವದ ಲೆಕ್ಕವೂ

ತಾವರೆಯ ಗೆಡ್ಡೆ ಬೇರಲ್ಲ, ಕೆಸರಿನೊಳಗೆ ಅಡ್ಡಲಾಗಿ ಹಬ್ಬುವ ಕಾಂಡ. ಅದರ ತೂತುಗಳು ಎಲೆಯಿಂದ ಇಳಿಯುವ ಗಾಳಿಯ ದಾರಿ. ನಿಜವಾದ ಬೇರು ಒಡೆಯುವುದು ಗೆಣ್ಣುಗಳಲ್ಲಿ. ಶಿವಮೊಗ್ಗದ ನವುಲೆಯ ಕೃಷಿ ಕಾಲೇಜಿನಲ್ಲಿ ಓದುವವರಿಗೆ ವಿಷಯ ಅಲ್ಲಿಗೆ ಮುಗಿಯಬಹುದು. ಅದೇ ಜಿಲ್ಲೆಯ ಜೈನ ಕ್ಷೇತ್ರ ಹೊಂಬುಜದ ಪರಂಪರೆ ಮಾತ್ರ ಬೇರೆ ಪ್ರಶ್ನೆ ಕೇಳುತ್ತದೆ: ಈ ಒಂದು ಒಡಲಲ್ಲಿ ಜೀವಗಳೆಷ್ಟು?

ಒಂದು ಒಡಲಿಗೆ ಒಂದೇ ಜೀವವಿದ್ದರೆ ಪ್ರತ್ಯೇಕ ವನಸ್ಪತಿ. ಅನಂತ ಜೀವಗಳು ಒಂದೇ ಒಡಲನ್ನು ಹಂಚಿಕೊಂಡಿದ್ದರೆ ಸಾಧಾರಣ ವನಸ್ಪತಿ. ಶ್ರಾವಕರು, ಅಂದರೆ ಜೈನ ಗೃಹಸ್ಥರು, ಕಂದಮೂಲ ಬಿಡುವುದು ಈ ಎರಡನೆಯ ಕಾರಣಕ್ಕೆ. ಚಾವುಂಡರಾಯನ ಕಾಲದ ನೇಮಿಚಂದ್ರರ ‘ಗೊಮ್ಮಟಸಾರ’ ಸಾಧಾರಣದ ಗುರುತುಗಳನ್ನು ಹೇಳುತ್ತದೆ: ನರ, ಗೆಣ್ಣು ಕಾಣದಿರುವುದು, ನಾರಿಲ್ಲದೆ ಸಮವಾಗಿ ಮುರಿಯುವುದು, ಕಡಿದರೂ ಚಿಗುರುವುದು. ಈ ಗ್ರಂಥಕ್ಕೆ ಕೇಶವವರ್ಣಿ 1359ರಲ್ಲಿ ಕನ್ನಡ ಟೀಕೆ ಬರೆದ.

ತಾವರೆಯ ಗೆಡ್ಡೆ ಇಲ್ಲಿ ತೊಡಕು ತರುತ್ತದೆ. ಅದರ ಗೆಣ್ಣು ಎದ್ದು ಕಾಣುತ್ತದೆ. ಮುರಿದರೆ ರೇಷ್ಮೆಯಂಥ ಎಳೆಗಳು ಜೋತುಬೀಳುತ್ತವೆ. ಆದರೆ ಗೆಣ್ಣುಳ್ಳ ತುಂಡನ್ನು ಕೆಸರಿಗಿಟ್ಟರೆ ಮತ್ತೆ ಬಳ್ಳಿಯಾಗುತ್ತದೆ. ರೂಢಿ ಅದನ್ನು ನೆಲದಡಿಯ ಗೆಡ್ಡೆಗಳ ಸಾಲಿಗೇ ಸೇರಿಸಿದೆ. ಸಂಶಯವಿದ್ದಲ್ಲಿ ಜೀವದ ಪಕ್ಷ ಹಿಡಿಯುವ ಈ ನಡೆ ಅಹಿಂಸೆಗೆ ಒಪ್ಪುವಂಥದ್ದೇ. ಇತ್ತ ವೈದಿಕ ಪರಂಪರೆಯಲ್ಲಿ ಕಂದಮೂಲ ತಪಸ್ವಿಯ ಆಹಾರ. ಅಲ್ಲಿನ ಲೆಕ್ಕ ಜೀವದ್ದಲ್ಲ, ಉತ್ತು ಬೆಳೆದ ಧಾನ್ಯವನ್ನು ತೊರೆಯುವುದರದ್ದು.

ಪೊಟ್ಟಣದಲ್ಲಿ ಬರುವ ಹಸಿ ಗೆಡ್ಡೆಗೆ ಜೈನರ ಈ ಜೀವದ ವಿಚಾರ ಹಾಗೆಯೇ ಅನ್ವಯಿಸುತ್ತದೆ. ಕಣ್ಣಿಗೆ ಕೆಸರು ಕಾಣದಿದ್ದರೂ ಕೀಳುವಾಗ ಕೆರೆಯ ತಳ ಕಲಕಿಯೇ ಇರುತ್ತದೆ. ತಿನ್ನುವ ಮನೆಗಳಲ್ಲಿ ಪೊಟ್ಟಣ ಒಡೆದ ಮೇಲೆ ಗೆಡ್ಡೆಯನ್ನು ನೀರಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಟ್ಟು, ದಿನವೂ ನೀರು ಬದಲಿಸಿ, ಕೆಲವೇ ದಿನಗಳಲ್ಲಿ ಬಳಸಬೇಕು. ಸಿಪ್ಪೆ ಹೆರೆದು, ಬಿಲ್ಲೆ ಕೊಯ್ದು, ತೂತುಗಳ ಮಣ್ಣು ತೊಳೆದು, ಕಪ್ಪಾಗದಂತೆ ಮಜ್ಜಿಗೆ ನೀರಿಗೆ ಹಾಕಿ, ಚೆನ್ನಾಗಿ ಬೇಯಿಸಿದರೆ ಪಲ್ಯಕ್ಕೆ ಸಿದ್ಧ.

ಉಪ್ಪು ಹಾಕಿ ಒಣಗಿಸಿದ ಬಿಲ್ಲೆಗಳ ವಿಚಾರ ಇನ್ನೂ ಸೂಕ್ಷ್ಮ. ಗಾಳಿಯಾಡದ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಉಳಿಯುವ ಇವು ಎಣ್ಣೆಯಲ್ಲಿ ಕರಿದ ಕೂಡಲೇ ಗರಿಗರಿಯಾಗುತ್ತವೆ, ಮತ್ತೆಂದೂ ಚಿಗುರುವುದಿಲ್ಲ. ಹಸಿಶುಂಠಿ ಬಿಟ್ಟ ಅನೇಕ ಜೈನ ಮನೆಗಳು ಒಣಶುಂಠಿಯನ್ನೂ ಅರಿಶಿನವನ್ನೂ ಒಪ್ಪಿರುವುದು ಇಂಥದೇ ತರ್ಕದಿಂದ. ಆದರೆ ಅವು ಔಷಧಿಗೆ, ಒಗ್ಗರಣೆಗೆ ಚಿಟಿಕೆಯಷ್ಟು ಬಳಸುವಂಥವು. ರುಚಿಗಾಗಿ ತಟ್ಟೆ ತುಂಬ ತಿನ್ನುವ ಬಿಲ್ಲೆಗೆ ಅದೇ ವಿನಾಯಿತಿ ಸಲ್ಲುವುದಿಲ್ಲ: ಜೀವವಿದ್ದಾಗಲೇ ಅದನ್ನು ಕಿತ್ತು, ಕೊಯ್ದು, ಬಿಸಿಲಿಗೆ ಹರವಿದ್ದಾಗಿದೆ.