ದೀಪಕ್ಕೆ ಯಾರ ಎಣ್ಣೆ?

ಒಟ್ಟಾವಾದಲ್ಲಿ ಒಂದು ಸಮಾರಂಭ. ನಮ್ಮಲ್ಲಿ ದೀಪ ಬೆಳಗಿ ಸಭೆ ಆರಂಭಿಸುವ ಹಾಗೆ, ಆರ್ಕ್ಟಿಕ್ ಸೀಮೆಯ ಇನುಯಿಟ್ ಜನಾಂಗದ ಹಿರಿಯ ಮಹಿಳೆಯೊಬ್ಬರು ಕಲ್ಲಿನ ದೀಪವೊಂದನ್ನು ಹಚ್ಚಿದರು. ಅದರ ಹೆಸರು ಕುಲ್ಲಿಕ್. 1999ರಲ್ಲಿ ರಚನೆಯಾದ ನುನಾವುತ್ ಪ್ರಾಂತದ ಲಾಂಛನದಲ್ಲೂ ಅದಿದೆ. ಬಳಪದ ಕಲ್ಲಿನಲ್ಲಿ ಕೆತ್ತಿದ ಅರ್ಧಚಂದ್ರಾಕಾರದ ತಟ್ಟೆ. ಅದರ ನೇರ ಅಂಚಿನುದ್ದಕ್ಕೂ ಅಲ್ಲಿನ ಹುಲ್ಲಿನಲ್ಲಿ ಬಿಡುವ ಅರಳೆಯ ಬತ್ತಿ. ಅವರು ಕಡ್ಡಿಯೊಂದರಿಂದ ಬತ್ತಿಯನ್ನು ತಟ್ಟುತ್ತ ಉರಿಯನ್ನು ಸಮ ಮಾಡುತ್ತಿದ್ದರು. ಊರಿನಲ್ಲಿ ನಮ್ಮಜ್ಜಿ ಬತ್ತಿ ಸರಿಸುತ್ತಿದ್ದುದು ನೆನಪಾಗಿ, ನನಗೆ ತಿಳಿಯದೆಯೇ ಕೈ ಮುಗಿಯಲು ಹೋದೆ.

ಅಷ್ಟರಲ್ಲಿ ಪಕ್ಕದಲ್ಲಿದ್ದವರು, "ಮೂಲದಲ್ಲಿ ಇದಕ್ಕೆ ಸೀಲ್ ಕೊಬ್ಬಿನ ಎಣ್ಣೆ" ಎಂದರು. ಎತ್ತಿದ ಕೈ ಕೆಳಗಿಳಿಯಿತು. "ಇವತ್ತು ಹಾಕಿರುವುದು ಅಡುಗೆ ಎಣ್ಣೆ" ಎಂದು ಅವರು ಸೇರಿಸಿದಾಗ ಸಮಾಧಾನವಾಯಿತು. ಆಮೇಲೆ ನನ್ನನ್ನು ಕಾಡಿದ್ದು ಆ ಸಮಾಧಾನವೇ.

ನಾನು ಹುಟ್ಟಿದ ಮನೆಯಲ್ಲಿ ಮಾಂಸವಿರಲಿಲ್ಲ. ದೀಪಕ್ಕೆ ಎಳ್ಳೆಣ್ಣೆ, ಹಬ್ಬಕ್ಕೆ ತುಪ್ಪ. ಇದು ನಮ್ಮ ಸಂಯಮದ ಫಲವೆಂದೇ ನಂಬಿದ್ದೆ. ಆದರೆ ಎಳ್ಳು ಬೆಳೆಯಲು ಹೊಲ ಬೇಕು. ಇನುಯಿಟರ ನೆಲದ ಬಹುಭಾಗದಲ್ಲಿ ಮರ ಕೂಡ ಬೆಳೆಯುವುದಿಲ್ಲ. ದೂರದ ಉತ್ತರದಲ್ಲಿ ಚಳಿಗಾಲದ ಎಷ್ಟೋ ವಾರ ಸೂರ್ಯನೇ ಮೂಡುವುದಿಲ್ಲ. ಹಿಂದೆ ಹಿಮದ ಮನೆಯೊಳಗೆ ಬೆಳಕು, ಬಿಸಿ, ಅಡುಗೆ, ಒದ್ದೆ ಬಟ್ಟೆ ಒಣಗಿಸುವುದು ಎಲ್ಲವೂ ಈ ದೀಪದಿಂದಲೇ ಆಗುತ್ತಿತ್ತು. ಸುತ್ತಲೂ ಹಿಮವಿದ್ದರೂ ಅದನ್ನು ಕರಗಿಸದೆ ಕುಡಿಯಲು ನೀರಿರಲಿಲ್ಲ. ಹಾಗಾದರೆ ನನ್ನ ಅಹಿಂಸೆಯಲ್ಲಿ ನನ್ನ ಪಾಲೆಷ್ಟು, ನಮ್ಮ ಮಳೆ ಮಣ್ಣಿನ ಪಾಲೆಷ್ಟು?

ಹಾಗೆಂದು ಕೊಲ್ಲುವುದು ದೊಡ್ಡ ವಿಷಯವಲ್ಲ ಎನ್ನಲಾರೆ. ಇನುಯಿಟರೂ ಹಾಗೆ ತಿಳಿದವರಲ್ಲ. ಕೊಂದ ಸೀಲ್‌ನ ಬಾಯಿಗೆ ಸಿಹಿನೀರು ಬಿಡುವ ಪದ್ಧತಿ ಅವರಲ್ಲಿತ್ತು. ಉಪ್ಪುನೀರಿನಲ್ಲಿ ಬದುಕಿದ ಜೀವಕ್ಕೆ ಬಾಯಾರಿರುತ್ತದೆ ಎಂಬ ನಂಬಿಕೆ. ಸಾಯುವವರ ಬಾಯಿಗೆ ನಾವು ಗಂಗಾಜಲ ಬಿಡುತ್ತೇವಲ್ಲ! ನೀರು ಕೊಟ್ಟ ಮಾತ್ರಕ್ಕೆ ಹಿಂಸೆ ಇಲ್ಲವಾಗುವುದಿಲ್ಲ, ನಿಜ. ಆದರೆ ಯಾರ ಜೀವದಿಂದ ದೀಪ ಉರಿಯುತ್ತಿದೆ ಎಂಬುದನ್ನು ಅದು ಮರೆಯಗೊಡುವುದಿಲ್ಲ. ನನ್ನ ದೀಪದ ತುಪ್ಪದಲ್ಲಿ ಕರುವಿನ ಪಾಲಿತ್ತೆಂಬುದು ನನಗೆ ಎಂದಾದರೂ ನೆನಪಾಗಿತ್ತೆ?

ದೂರದಲ್ಲಿ ನಿಂತು ಕರುಣೆ ತೋರುವುದಕ್ಕೂ ಬೆಲೆಯಿದೆ. ಅದನ್ನು ತೆರುವವರು ಬೇರೆಯವರು. 1983ರಲ್ಲಿ ಯುರೋಪಿನ ದೇಶಗಳು ಸೀಲ್ ಮರಿಗಳ ಚರ್ಮದ ಆಮದನ್ನು ನಿಷೇಧಿಸಿದವು. ಇನುಯಿಟರು ಮುಖ್ಯವಾಗಿ ಬೇಟೆಯಾಡುತ್ತಿದ್ದುದು ಬೆಳೆದ ಸೀಲ್‌ಗಳನ್ನು, ಅದೂ ಹೊಟ್ಟೆಪಾಡಿಗೆ. ಆದರೂ ಅವರು ಮಾರುತ್ತಿದ್ದ ಚರ್ಮದ ಬೆಲೆಯೂ ಕುಸಿಯಿತು. ಮರಿಗಳಿಗಾಗಿ ಮರುಗಿದವರ ಉದ್ದೇಶ ಒಳ್ಳೆಯದೇ. ಆದರೆ ತಮ್ಮ ಮರುಕದ ಖರ್ಚು ಯಾರ ಮನೆಯ ಲೆಕ್ಕಕ್ಕೆ ಹೋಯಿತೆಂದು ಎಷ್ಟು ಜನ ನೋಡಿದರು?

ಅಂದು ಮನೆಗೆ ಬಂದಾಗ ನೆಲಮಾಳಿಗೆಯಲ್ಲಿ ಫರ್ನೇಸ್ ಸದ್ದು ಮಾಡುತ್ತಿತ್ತು. ಅದರ ಗ್ಯಾಸು ಯಾವ ನೆಲವನ್ನು ಕೊರೆದು, ಯಾರಿಗೆ ಏನು ಮಾಡಿ ಬಂತೋ ನನಗೆ ಗೊತ್ತಿಲ್ಲ; ತಿಂಗಳ ಬಿಲ್ಲು ಮಾತ್ರ ಗೊತ್ತು. ಯಾರಿಗೂ ನೋವಾಗದೆ ಸಿಕ್ಕ ಬೆಳಕು ಯಾರ ಮನೆಯಲ್ಲೂ ಇರಲಾರದು. ಆ ನೋವನ್ನು ಬಲ್ಲವರು, ಬೇಕಾದಷ್ಟೇ ಉರಿಸುವವರು ನನಗಿಂತ ಮೇಲೆಂದು ಈಗ ಅನ್ನಿಸುತ್ತದೆ. ದೇವರ ಮುಂದೆ ದೀಪ ಹಚ್ಚಿ ಕೈ ಮುಗಿದೆ. ಮಧ್ಯಾಹ್ನ ಕೆಳಗಿಳಿಸಿದ ಆ ಒಂದು ನಮಸ್ಕಾರ ಮಾತ್ರ ಇನ್ನೂ ಬಾಕಿಯಿದೆ.