ಹೆಣ್ಣುಮಕ್ಕಳ ವಿದ್ಯೆ ಮತ್ತು ಮನೆತನದ ಧರ್ಮ

ಹೆಣ್ಣುಮಕ್ಕಳಿಗೆ ವಿದ್ಯೆಯೇ ಬೇಡವೆಂದು ಬಾಯಿಬಿಟ್ಟು ಹೇಳುವವರು ಇಂದು ವಿರಳ. 1848ರಲ್ಲಿ ಪುಣೆಯಲ್ಲಿ ಫುಲೆ ದಂಪತಿಗಳು ಹೆಣ್ಣುಮಕ್ಕಳ ಶಾಲೆಯನ್ನು ತೆರೆದಾಗ ಎದ್ದಂಥ ಪ್ರತಿಭಟನೆ ಈಗಿಲ್ಲ. ಆದರೆ ವಿರೋಧವು ಅಳಿದಿಲ್ಲ, ರೂಪವನ್ನು ಬದಲಿಸಿಕೊಂಡಿದೆ. "ಓದಲಿ, ಎಷ್ಟು ಬೇಕೋ ಅಷ್ಟು" ಎಂಬುದು ಈಗಿನ ಮಾತು. ಎಷ್ಟು ಬೇಕೆಂಬುದನ್ನು ಅಳೆಯುವ ಕೋಲು ಯಾವುದು? ವಿಚಾರಿಸಿ ನೋಡಿದರೆ ಅದು ಆಕೆಯ ಬುದ್ಧಿಶಕ್ತಿಯಲ್ಲ, ಮುಂದೆ ಬರಲಿರುವ ವರನ ಓದು. ಮಗಳು ಎಂ.ಎ. ಮುಗಿಸಿದರೆ ಆಕೆಗಿಂತ ಮಿಗಿಲಾಗಿ ಓದಿದವನನ್ನು ಹುಡುಕಬೇಕು. ಮಿಗಿಲಾಗಿ ಓದಿದವನ ವರದಕ್ಷಿಣೆಯೂ ಮಿಗಿಲು. 1961ರಲ್ಲಿಯೇ ಕಾನೂನು ನಿಷೇಧಿಸಿದ ಈ ಲೆಕ್ಕವನ್ನು ಮರ್ಯಾದಸ್ಥರ ಮನೆಗಳು ಇಂದಿಗೂ ಗುಟ್ಟಾಗಿ ಹಾಕುತ್ತಲೇ ಇವೆ.

ತಂದೆತಾಯಿಗಳ ಭಯವೆಲ್ಲ ಪೊಳ್ಳೆಂದು ನಾವು ಹೇಳುವುದಿಲ್ಲ. ಕಾಲೇಜು ಪರವೂರಿನಲ್ಲಿದೆ, ಸಂಜೆಯ ಬಸ್ಸು ತಪ್ಪಿದರೆ ಇನ್ನೊಂದಿಲ್ಲ. ನಮ್ಮ ರಾಜ್ಯದಲ್ಲಿ 2006-07ರಿಂದ ಪ್ರೌಢಶಾಲೆಯ ಬಾಲಕಿಯರಿಗೆ ಸೈಕಲ್ ಕೊಡುವ ಯೋಜನೆ ಬಂದಿತು. 2023ರಲ್ಲಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣವೂ ದೊರೆಯಿತು. ಆದರೆ ಅಗಸೆಕಟ್ಟೆಯ ಮೇಲೆ ಕುಳಿತವರ ನಾಲಗೆಗೆ ಯಾವ ಸರಕಾರದ ಯೋಜನೆಯೂ ಇಲ್ಲ.

ಹಿರಿಯರ ನಿಜವಾದ ಆಕ್ಷೇಪಣೆ ಬೇರೆಯೇ ಇದೆ: ಓದಿದ ಹೆಣ್ಣು ಹೊಂದಿಕೊಂಡು ಬಾಳಲಾರಳು, ತಾಳ್ಮೆ ಮತ್ತು ತ್ಯಾಗಗಳ ಮೇಲೆ ನಿಂತ ಸಂಸಾರ ಕುಸಿಯುವುದು ಎಂಬುದು. ಈ ವಾದವನ್ನು ಹಗುರಾಗಿ ತಳ್ಳಿಹಾಕುವುದು ಸಲ್ಲದು. ತಾಳ್ಮೆಯಿಲ್ಲದೆ ಯಾವ ಮನೆಯೂ ನಿಲ್ಲದು. ಆದರೆ ತಾಳ್ಮೆಯೆಂದರೇನು? ಬೇರೆ ದಾರಿಯುಳ್ಳವರು ಅರಿತು ಸಹಿಸಿಕೊಂಡರೆ ಅದು ತಾಳ್ಮೆ. ದಾರಿಯೇ ಇಲ್ಲದವರು ಸಹಿಸಿಕೊಂಡರೆ ಅದು ನಿರುಪಾಯ. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ಪುರುಷರ ಸಾಕ್ಷರತೆ ನೂರಕ್ಕೆ 82, ಮಹಿಳೆಯರದು 68. ಕೈಯಲ್ಲಿ ಕಾಸಿಲ್ಲದೆ, ತವರೂರಿಗೆ ಹೋಗುವ ಬಸ್ಸಿನ ಫಲಕವನ್ನು ಓದಲು ಬಾರದೆ ಗಂಡನ ಮನೆಯಲ್ಲಿ ಉಳಿದವಳ ಮೌನವನ್ನು ನಾವು ಸದ್ಗುಣವೆಂದು ಕೊಂಡಾಡುತ್ತ ಬಂದೆವು. ಆಕೆಗೆ ಸದ್ಗುಣಿಯಾಗುವ ಅವಕಾಶವನ್ನೇ ನಾವು ಕೊಟ್ಟಿರಲಿಲ್ಲವಲ್ಲ!

ಅರಿವುಳ್ಳ ಹೆಣ್ಣು ಎಂದೊಡನೆ ನಮ್ಮವರಿಗೆ ಅರಮನೆಯನ್ನು ತೊರೆದು ಹೊರಟ ಮಹಾದೇವಿಯಕ್ಕ ನೆನಪಾಗುತ್ತಾಳೆ. ಅದರೊಡನೆ ಕೊಂಚ ಅಂಜಿಕೆಯೂ ಆಗುತ್ತದೆ. ಆಯ್ದಕ್ಕಿ ಲಕ್ಕಮ್ಮನನ್ನೇಕೆ ನೆನೆಯುವುದಿಲ್ಲ? ಆಕೆ ಸಂಸಾರದಲ್ಲಿಯೇ ಇದ್ದವಳು. ಪತಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಅದನ್ನು ಹಿಂದಕ್ಕೆ ಒಯ್ಯಿರೆಂದು ತಿದ್ದಿದವಳು. ಆ ಮನೆಯೇನೂ ಕುಸಿಯಲಿಲ್ಲ. ಗಂಡನ ತಪ್ಪನ್ನು ತೋರಿಸಬಲ್ಲವಳು ಗಂಡನೊಡನೆ ಬಾಳಿದರೆ ಆ ಬಾಳಿಗೊಂದು ಬೆಲೆಯುಂಟು.

ಇನ್ನು ನಮ್ಮಂಥ ಮಠಾಧೀಶರ ಹೊಣೆ. ಕನ್ಯೆಯ ವಿವಾಹಕ್ಕೆ 18 ವರ್ಷ ತುಂಬಿರಬೇಕೆಂದು 1978ರಲ್ಲಿಯೇ ಕಾನೂನಾಯಿತು. ಲಗ್ನಪತ್ರಿಕೆ ಹಿಡಿದು ಆಶೀರ್ವಾದಕ್ಕೆ ಬಂದವರನ್ನು ನಾವು ಮಳೆ ಬೆಳೆಯ ಬಗೆಗೆ ವಿಚಾರಿಸುತ್ತೇವೆ. ಮಗಳ ವಯಸ್ಸೆಷ್ಟು, ಓದು ಎಲ್ಲಿಗೆ ನಿಂತಿತು, ನಿಲ್ಲಿಸಿದವರು ಯಾರು ಎಂದೂ ವಿಚಾರಿಸಬೇಕು. ಸಾಧ್ಯವಾದರೆ ಆಕೆಯನ್ನೇ ಕೇಳಬೇಕು. ಆದರೆ ಸಾಮಾನ್ಯವಾಗಿ, ಪತ್ರಿಕೆ ತಂದವರ ಜೊತೆಯಲ್ಲಿ ಆಕೆ ಬಂದಿರುವುದಿಲ್ಲ.