ಶತ್ರುವಿನ ಗುಟ್ಟು ಮತ್ತು ಶ್ರಾವಕನ ಸತ್ಯಾಣುವ್ರತ

ಅನ್ಯರ ಮಾತನ್ನು ಕದ್ದು ಕೇಳಬಾರದೆಂದು ಹಿರಿಯರು ಮಕ್ಕಳಿಗೆ ಬುದ್ಧಿ ಹೇಳುತ್ತಾರೆ. ಅದೇ ಕಾರ್ಯವನ್ನು ಯುದ್ಧಕಾಲದಲ್ಲಿ ದೇಶಕ್ಕಾಗಿ ಮಾಡಿದರೆ ದೋಷವಿಲ್ಲವೇ? ಕೋಟೆಯೊಳಗಿನ ಕಮಲ ಬಸದಿಯೂ ಮರಾಠಾ ಲಘು ಪದಾತಿದಳದ ಕೇಂದ್ರವೂ ಒಂದೇ ಊರಿನಲ್ಲಿರುವ ಬೆಳಗಾವಿಯಲ್ಲಿ, ರಾಮತೀರ್ಥ ನಗರದ ಶ್ರಾವಕನಿಗೆ ಈ ಪ್ರಶ್ನೆ ದೂರದ್ದಲ್ಲ.

1999ರ ಮೇ ತಿಂಗಳ ಕೊನೆಯಲ್ಲಿ, ಕಾರ್ಗಿಲ್ ಯುದ್ಧ ನಡೆದಿದ್ದಾಗ, ಪಾಕಿಸ್ತಾನದ ಸೇನಾ ಮುಖ್ಯಸ್ಥ ಜನರಲ್ ಪರ್ವೇಜ್ ಮುಷರಫ್ ಬೀಜಿಂಗ್‌ನಲ್ಲಿದ್ದರು. ರಾವಲ್ಪಿಂಡಿಯಲ್ಲಿದ್ದ ಲೆಫ್ಟಿನೆಂಟ್ ಜನರಲ್ ಮೊಹಮ್ಮದ್ ಅಜೀಜ್ ಅವರೊಡನೆ ಅವರು ದೂರವಾಣಿಯಲ್ಲಿ ಆಡಿದ ಮಾತುಗಳನ್ನು ಭಾರತದ ಗುಪ್ತಚರರು ಧ್ವನಿಮುದ್ರಿಸಿಕೊಂಡರು. ಜೂನ್ 11ರಂದು ಸರ್ಕಾರ ಅವನ್ನು ಬಹಿರಂಗಗೊಳಿಸಿತು. ಶಿಖರಗಳ ಮೇಲಿರುವವರು ತನ್ನ ಸೈನಿಕರಲ್ಲವೆಂಬ ಪಾಕಿಸ್ತಾನದ ವಾದ ಇದರಿಂದ ದುರ್ಬಲವಾಯಿತು. ಆದರೆ ಆಲಿಸುವ ದಾರಿಯೂ ಎದುರಾಳಿಗೆ ಗೊತ್ತಾಯಿತೆಂದು ಗುಪ್ತಚರ ವಲಯದ ಕೆಲವರು ಮುಂದೆ ಆಕ್ಷೇಪಿಸಿದರು.

ತತ್ತ್ವಾರ್ಥಸೂತ್ರವು ಸತ್ಯಾಣುವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಕೊನೆಯದು ಸಾಕಾರಮಂತ್ರಭೇದ. ಇಂಗಿತ, ಹುಬ್ಬಿನ ಚಲನೆ ಮೊದಲಾದವುಗಳಿಂದ ಪರರ ಅಭಿಪ್ರಾಯವನ್ನರಿತು, ಅಸೂಯೆ ಮುಂತಾದ ಕಾರಣಗಳಿಂದ ಅದನ್ನು ಹೊರಗೆಡಹುವುದೇ ಈ ಅತಿಚಾರವೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತಾರೆ. ಆದ್ದರಿಂದ ಇಲ್ಲಿ ಮೊದಲು ಪರೀಕ್ಷಿಸಬೇಕಾದುದು ಗುಟ್ಟನ್ನು ಹೊರಗೆಡಹುವವನ ಮನಸ್ಸಿನ ಕಷಾಯವನ್ನು. ಗಡಿಯಲ್ಲಿರುವವರ ಪ್ರಾಣ ಉಳಿಸಲು ಆಲಿಸಿದವನನ್ನೂ ಹಗೆ ತೀರಿಸಲು ಆಲಿಸಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಹಾಗೆಂದು ಉದ್ದೇಶ ಒಳ್ಳೆಯದೆಂಬ ಮಾತ್ರಕ್ಕೆ ಕರ್ಮಬಂಧ ತಪ್ಪಿತೆಂದು ಹೇಳಬಹುದೇ? 1943ರ ಏಪ್ರಿಲ್‌ನಲ್ಲಿ ಅಮೆರಿಕನ್ನರು ಜಪಾನಿನ ಸಂಕೇತಲಿಪಿಯನ್ನು ಭೇದಿಸಿ, ಅಡ್ಮಿರಲ್ ಯಾಮಾಮೊಟೊ ಅವರ ಪ್ರಯಾಣದ ವೇಳಾಪಟ್ಟಿಯನ್ನು ಓದಿದರು. 18ರಂದು ಬೂಗನ್‌ವಿಲ್ ದ್ವೀಪದ ಮೇಲೆ ಅವರ ವಿಮಾನವನ್ನು ಹೊಡೆದುರುಳಿಸಿದರು. ಲಿಪಿಯನ್ನು ಬಿಡಿಸಿದವರು ಶಸ್ತ್ರ ಹಿಡಿದಿರಲಿಲ್ಲ. ಆದರೆ ಜೈನಧರ್ಮ ಕೃತವನ್ನು ಮಾತ್ರವಲ್ಲ, ಕಾರಿತವನ್ನೂ ಅನುಮೋದನೆಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಮೇಜಿನ ಮುಂದೆ ಕುಳಿತ ಮಾತ್ರಕ್ಕೆ ಯಾರೂ ನಿರ್ಲಿಪ್ತರಾಗುವುದಿಲ್ಲ.

ಆತ್ಮರಕ್ಷಣೆಯ ವಿರೋಧಿ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ಬಿಡಲಾರನೆಂದು ಶ್ರಾವಕಾಚಾರ ಒಪ್ಪುತ್ತದೆ; ಅದು ಹಿಂಸೆಯೇ ಅಲ್ಲವೆಂದು ಒಪ್ಪುವುದಿಲ್ಲ. ಶತ್ರುವಿನ ಗುಟ್ಟನ್ನು ಆಲಿಸುವುದಕ್ಕೂ ಇದೇ ನಿಯಮ ಸಲ್ಲುತ್ತದೆ. ರಕ್ಷಣೆಗೆ ಬೇಕಾದಷ್ಟೇ ಆಲಿಸಬೇಕು. ಗೆದ್ದೆನೆಂದು ಹಿಗ್ಗದೆ ಪ್ರತಿಕ್ರಮಣ ಮಾಡಬೇಕು.

ಯುದ್ಧಭೂಮಿಯ ಈ ಅನಿವಾರ್ಯತೆಯನ್ನು ಮನೆಯೊಳಗೆ ತರುವಂತಿಲ್ಲ. ಸೊಸೆಯ ಮೊಬೈಲಿನ ಸಂದೇಶವನ್ನು ಓದುವ ಅತ್ತೆಗೆ, ಬಸದಿಯ ಟ್ರಸ್ಟಿನ ಸಭೆಯ ಮಾತನ್ನು ಅಸೂಯೆಯಿಂದ ಬೀದಿಗೆ ತರುವ ಸದಸ್ಯನಿಗೆ ಯಾವ ಗಡಿಯ ರಕ್ಷಣೆಯ ನೆಪವಿದೆ? ಶತ್ರುವಿನ ಗುಟ್ಟಿನ ವಿಷಯದಲ್ಲೇ ಇಷ್ಟು ಎಚ್ಚರ ಬೇಕಾದರೆ, ಸ್ವಜನರ ಗುಟ್ಟಿನ ವಿಷಯದಲ್ಲಿ ಎಷ್ಟು ಬೇಡ!